ತವರಿನ ಮರಳು

ನೆರೆ ಇಳಿದ ಬೆಳಿಗ್ಗೆ ಹೆಂಗಸರೆಲ್ಲ ಬುಟ್ಟಿ ಹಿಡಿದು ಹೊಳೆ ಕಡಲು ಸೇರುವಲ್ಲಿಗೆ ಬಂದಿದ್ದರು. ಬೆಟ್ಟಗಳು ಮನುಷ್ಯರಿಗಿಂತ ಬೇಗ ಸವೆಯತೊಡಗಿದ ಮೇಲೆ ಹೆಣ್ಣುಮಕ್ಕಳನ್ನು ತವರಿನ ಹೊಳೆ ಹರಿದಿಳಿಯುವ ಕೆಳಗಿನ ಊರಿಗೇ ಕೊಡುವುದು ವಾಡಿಕೆ. ದಿನಾ ಕುಸಿಯುವ ದಾರಿ ಹತ್ತಿ ಯಾರೂ ತವರಿಗೆ ಹೋಗಲಾರರು. ತವರೇ ಮರಳಾಗಿ ಇಳಿದು ಬರುತ್ತದೆ. ಅದನ್ನು ಅಂಗಳಕ್ಕೆ ಹರಡಿಕೊಂಡು ವರ್ಷವಿಡೀ ಅದರ ಮೇಲೆ ಓಡಾಡುತ್ತಾರೆ.

ಒಂದೊಂದು ಗುಡ್ಡದ್ದು ಒಂದೊಂದು ಬಣ್ಣ: ಪಕ್ಕದ ಮನೆಯ ಗುಲಾಬಿಯದು ಕರಿ ಮರಳು. ಮಾದೇವಿಯದು ಕಾಗೆಬಂಗಾರ ಮಿನುಗುವ ಕೆಂಪು. ಅದನ್ನು ಬಾಚುತ್ತಿದ್ದ ಮಗಳು ಹೊನ್ನಿ ಕೂಗಿದಳು: "ಅಮ್ಮಾ, ರುಬ್ಬುಗುಂಡು! ಅಜ್ಜಿಮನೇದೇ ಇರ್ಬೇಕು!"

ಹೊಳೆ ಅದನ್ನು ಉಜ್ಜಿ ತೆಂಗಿನಕಾಯಿಯಷ್ಟು ಮಾಡಿತ್ತು. ಆದರೂ ಅವ್ವ ಹೆಬ್ಬೆರಳು ಊರುತ್ತಿದ್ದ ಕುಳಿ ಮಾಸಿರಲಿಲ್ಲ. ಮಾದೇವಿ ಅದರಲ್ಲಿ ತನ್ನ ಹೆಬ್ಬೆರಳಿಟ್ಟಳು.

"ಅಡುಗೆಮನೆಯೂ ಜಾರಿತು," ಎಂದಳು. "ಈ ಗುಡ್ಡ ಮುಗಿದ್ರೆ ಆಚೆ ಗುಡ್ಡಕ್ಕೆ ಹೋಗ್ತೇವೆ ಅಂತ ನನ್ನ ಮದುವೇಲೇ ಅಂದಿದ್ಲು ಅವ್ವ. ಆಚೆ ಗುಡ್ಡದ ನೀರು ಮೂಡಲಿಗೆ ಹರೀತದೆ, ಈ ಹೊಳೆಗೆ ಬರೋದಿಲ್ಲ."

"ಅಂದ್ರೆ, ಮುಂದಿನ ವರ್ಷ ನಮ್ಗೆ?"

ಮಾದೇವಿ ಮೂಡಲ ಕಡೆ ನೋಡಿದಳು. ಹೋದ ವರ್ಷ ಕಾಣುತ್ತಿದ್ದ ತವರಿನ ಗುಡ್ಡದ ಕೆಂಪು ನೆತ್ತಿ ಈಗ ಅಲ್ಲಿರಲಿಲ್ಲ. ಬುಟ್ಟಿಯನ್ನು ಅಂಚಿನವರೆಗೂ ತುಂಬಿದಳು.

ಸಂಜೆ ಮೀನುಸಾರಿಗೆಂದು ಕಾಯಿ, ಮೆಣಸು ಒರಳಿಗೆ ಹಾಕಿ ಆ ಗುಂಡನ್ನೇ ತಿರುಗಿಸತೊಡಗಿದಳು. ಹೊನ್ನಿ ಅವಳ ಕೈ ಹಿಡಿದಳು.

"ಸವೆದು ಹೋಗ್ತದಮ್ಮಾ. ಗೋಡೆ ಗೂಡಲ್ಲಿ ಜೋಪಾನವಾಗಿ ಇಡುವ."

"ಗೂಡಲ್ಲಿಟ್ರೆ ಗಾಳಿ ತಿಂತದೆ," ಎಂದಳು ಮಾದೇವಿ. "ಅರೆದ್ರೆ ನಮ್ಮ ಹೊಟ್ಟೆಗಾದ್ರೂ ಬರ್ತದೆ."