ಖಮರಸಾಬನ ನಮೂನೆ ಪಿಸ್ತೂಲು

“ರಾಯರ, ಇವತ್ತ ಬಂದು ಒಯ್ರಿ. ನಾಳೆ ಅಂದ್ರ ಬ್ಯಾಡ.”

ಇಷ್ಟೇ ಹೇಳಿ ಖಮರಸಾಬ ಫೋನು ಇಟ್ಟ. ಅತ್ತ ಆಳಂದದಲ್ಲಿ ಹಣಮಂತರಾಯರ ಕೈಯಿಂದ ಚಹಾದ ಕಪ್ಪು ಜಾರಿ ಬಿತ್ತು. ಆ ಸಪ್ಪಳ ಜೇವರ್ಗಿಯ ತನಕ ಕೇಳಿಸಿತಂತೆ. ಕೇಳಿಸದೆ ಏನು? ಹಳೆಯ ಆಯುಧಗಳನ್ನು ಕೂಡಿಡುವ ಹುಚ್ಚಿನ ಈ ರಾಯರು ವರ್ಷಗಟ್ಟಲೆ ಖಮರಸಾಬನ ಊರು ಕರಜಗಿಗೆ ಎಡತಾಕಿದ್ದರು. ಅವರು ಸವೆಸಿದ ಟಾಯರುಗಳನ್ನೆಲ್ಲ ಒಟ್ಟಿದ್ದರೆ ಭೀಮಾ ನದಿಗೆ ಇನ್ನೊಂದು ಸೇತುವೆ ಆಗುತ್ತಿತ್ತು. ಪ್ರತಿ ಸಲವೂ ಖಮರಸಾಬನದು ಒಂದೇ ಮಾತು: “ನನ್ನ ಜೀವಾ ಕೇಳ್ರಿ, ಪಿಸ್ತೂಲ ಕೇಳಬ್ಯಾಡ್ರಿ.”

ಪಿಸ್ತೂಲೆಂದರೆ ಅಂಥಿಂಥದಲ್ಲ. ನಿಜಾಮರ ಫೌಜಿಗೆ ಪರೀಕ್ಷೆಗೆಂದು ಮಾಡಿಸಿದ ನಾಲ್ಕಾರು ನಮೂನೆಗಳಲ್ಲಿ ಒಂದು. ಫೌಜಿಯಲ್ಲಿದ್ದ ಅಜ್ಜನಿಗೆ ಇನಾಮಾಗಿ ಬಂದದ್ದು. ಅಜ್ಜ ಹೇಳಿದ್ದು ಅಷ್ಟೇ. ಮೊಮ್ಮಗನ ಬಾಯಲ್ಲಿ ಅದು ಒಂದೇ ಗುಂಡಿಗೆ ಮೂರು ಹುಲಿ ಕೆಡವಿತ್ತು. ನಾಲ್ಕನೆಯದು ಸಪ್ಪಳಕ್ಕೇ ಸತ್ತಿತ್ತು. “ಗುಂಡಿಲ್ಲದ ಪಿಸ್ತೂಲು ಬರೇ ಸುತ್ತಿಗಿ” ಎಂದು ಅದನ್ನು ಸದಾ ತುಂಬಿಯೇ ಇಡುತ್ತಿದ್ದ. ಅದೂ ಬಂದವರಿಗೆ ಕಾಣಲೆಂದು ಪಡಸಾಲೆಯ ಗೂಡಿನಲ್ಲಿ. ಚುನಾವಣೆ ಬಂದರೆ ಲೈಸೆನ್ಸಿನವರೆಲ್ಲ ಆಯುಧವನ್ನು ಠಾಣೆಗೆ ಒಪ್ಪಿಸಬೇಕಲ್ಲ, ಬೇರೆಯವರು ರಸೀದಿ ಇಸಿದುಕೊಂಡು ಬರುತ್ತಿದ್ದರು. ಇವನು ಮಗಳನ್ನು ಗಂಡನ ಮನೆಗೆ ಕಳಿಸಿದವನಂತೆ ಕಣ್ಣೊರೆಸಿಕೊಂಡು ಬರುತ್ತಿದ್ದ. ಈ ಸಲ ಅದು ಠಾಣೆಯಿಂದ ಮರಳಿ ವಾರವಷ್ಟೇ ಆಗಿತ್ತು.

ರಾಯರ ಜೀಪು ಚೌಡಾಪುರ ದಾಟುವ ಮೊದಲೇ ಕರಜಗಿಗೆಲ್ಲ ಸುದ್ದಿ. ಪಕ್ಕದ ಮನೆಯ ಶಿವರಾಯ ಗೋಡೆಯ ಮೇಲಿಂದ ಇಣುಕಿದ.

“ಏನಲೇ ಖಮರ್ಯಾ, ಪಿಸ್ತೂಲಿನ ಕೂಡ ಆ ಹುಲಿಗೋಳ್ನೂ ಕೊಡತಿಯೇನ?”

ಒಂದಕ್ಕೆ ಹತ್ತು ಆಡುವ ಖಮರಸಾಬ ಎದ್ದು ಒಳಗೆ ಹೋದ.

ಮನೆಯೂ ನಗುವಂತಿರಲಿಲ್ಲ. ಚೊಚ್ಚಲ ಹೆರಿಗೆಗೆಂದು ಮಗಳು ನೂರೀನ ಜೇವರ್ಗಿಯಿಂದ ಬಂದಿದ್ದಳು. ಕೂಸು ಒಂದು ಸಲವೂ ಅಳದೆ ಹೋಯಿತು. ತೊಟ್ಟಿಲು ಕಟ್ಟಲಿಲ್ಲ.

ರಾಯರು ಬಂದು ಕೂತರೂ ಖಮರಸಾಬನ ಹೆಂಡತಿ ಅಮೀರುನ್ನಿಸಾ ಒಳಕೋಣೆಯಿಂದ ಏಳಲಿಲ್ಲ. ಮಗಳ ಕೈ ಹಿಡಿದು ಕೂತವಳು ಹಿಡಿದೇ ಇದ್ದಳು. ಖಮರಸಾಬನೇ ಚಹಾ ಕಾಸಿದ. ಸಕ್ಕರೆ ಮರೆತ. ರಾಯರು ಅದನ್ನೂ ಹೊಗಳಿ ಕುಡಿದರು. ಆ ಖುಷಿಯಲ್ಲಿ ಅವರಿಗೆ ಸೀಮೆಎಣ್ಣೆ ಕೊಟ್ಟರೂ ನಡೆಯುತ್ತಿತ್ತು.

ಅವರು ಪಿಸ್ತೂಲು ಬಿಚ್ಚಿ ಕಾಡತೂಸು ಹೊರತೆಗೆದು, ಭೂತಗನ್ನಡಿ ಹಿಡಿದರು.

“ಸಾಬ್ರ, ಇದನ್ನ ಯಾರ್ ಹೊಡ್ಯಾಕ ನೋಡ್ಯಾರ? ಕಾಡತೂಸಿನ ತಳಕ್ಕ ಎರಡು ಕಚ್ಚು ಅದಾವ. ಹೊಸಾವು.”

“ನಾನ. ಹೊಲದಾಗ ಹಂದಿ ಬಂದಿತ್ತು.”

“ಸಿಡೀಲಿಲ್ಲ?”

“ಇಲ್ರಿ.”

ರಾಯರು ನಕ್ಕರು. “ಸಿಟ್ಟಾಗಬ್ಯಾಡ್ರಿ ಮತ್ತ. ಇಲ್ಲಿ ನೋಡ್ರಿ ಮುದ್ರಿ. ಇದು ಪರೀಕ್ಷಾದಾಗ ಫೇಲಾದ ನಮೂನಿ. ಒಳಗಿನ ಮುಳ್ಳು ಗಿಡ್ಡ ಐತಿ. ಕಾಡತೂಸಿಗೆ ಮುಟ್ಟತೈತಿ, ಸಿಡಿಸೂವಷ್ಟು ಚುಚ್ಚೂದಿಲ್ಲ. ನಿಮ್ಮ ಅಜ್ಜಗ ಇನಾಮ ಅಲ್ಲ, ಕಸಾ ಕೊಟ್ಟಾರ. ನನ್ನಂಥ ಹುಚ್ಚಗ ಮಾತ್ರ ಇದು ಬಂಗಾರ!”

ಗೋಡೆಯಾಚೆ ಶಿವರಾಯ ನಕ್ಕ ನಗೆಗೆ ಬೇವಿನ ಮರದ ಕಾಗೆಗಳೆಲ್ಲ ಅಫಜಲಪುರಕ್ಕೆ ಹಾರಿಹೋದವು. ನಿನ್ನೆ ಯಾರಾದರೂ ಈ ಮಾತು ಆಡಿದ್ದರೆ ಖಮರಸಾಬ ಅವರನ್ನು ಭೀಮೆಯ ತನಕ ಅಟ್ಟಿಸಿಕೊಂಡು ಹೋಗುತ್ತಿದ್ದ. ಇಂದು ರಾಯರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡ.

“ಇನ್ನೊಮ್ಮೆ ಹೇಳ್ರಿ, ರಾಯರ. ಇದು ಫೇಲ್ ಐತಿ ಅಂತ ಇನ್ನೊಮ್ಮೆ ಹೇಳ್ರಿ.”

ಜನ್ಮದ ಜಂಬ ಮುರಿದು ಬಿತ್ತು ಪಾಪ, ಎಂದು ರಾಯರ ಕರುಳು ಚುರ್ ಎಂದಿತು. ಸಮಾಧಾನ ಹೇಳಿದರು: “ಅಗದೀ ಕಸಾ ಏನಲ್ಲ ಬಿಡ್ರಿ. ನಡು ನಡು ಒಮ್ಮೊಮ್ಮೆ ಸಿಡಿತೈತಿ. ಮೂರನೇ ಸಲಾ ಕುದರಿ ಎಳದಿದ್ರ ಸಿಡೀತಿತ್ತೋ ಏನೋ, ಯಾಂವ ಬಲ್ಲ?”

ಖಮರಸಾಬನ ಮುಖ ಬೂದಿಯಾಯಿತು.

“ಏಳ್ರಿ. ಈಗಿಂದೀಗ ಠಾಣಾಕ್ಕ ಹೋಗಿ ಕಾಗದ ಮಾಡೂಣು. ರೊಕ್ಕದ ಮಾತ ಎತ್ತಬ್ಯಾಡ್ರಿ. ಇದು ಈ ಮನಿ ಹೊಸ್ತಿಲಾ ಮತ್ತ ದಾಟಬಾರದು.”

ಜೀಪಿನಲ್ಲಿ ಕೂತವನು ಊರ ಅಗಸಿಬಾಗಿಲು ದಾಟುವ ತನಕ ಬಿಕ್ಕಿ ಬಿಕ್ಕಿ ಅತ್ತ. ತುಕ್ಕು ಹಿಡಿದ ಕಬ್ಬಿಣಕ್ಕೆ ಇಷ್ಟು ಅಳುವವನನ್ನು ಊರು ಕಂಡಿರಲಿಲ್ಲ. ಶಿವರಾಯ ಕೂಡ ನಗು ನಿಲ್ಲಿಸಿದ.

ಆ ಬೆಳಿಗ್ಗೆ ನಮಾಜು ಮುಗಿಸಿ ಮನೆಗೆ ಬಂದ ಖಮರಸಾಬ, ಪಿಸ್ತೂಲಿನ ಬಾಯಿಯನ್ನು ಎದೆಗೆ ಒತ್ತಿಕೊಂಡಿದ್ದ ನೂರೀನಳ, ಮೂರನೆಯ ಸಲ ಕುದುರೆ ಎಳೆಯಲು ಬಾಗಿದ್ದ ಬೆರಳನ್ನು ಹಿಡಿದು ಬಿಡಿಸಿದ್ದ.