ಎತ್ತಿ ತಳ್ಳುವ ಬಾಗಿಲು

“ಎದುರಿಗೆ ಮುಚ್ಚಿದ ಬಾಗಿಲಿದೆ. ಏನು ಮಾಡುತ್ತೀರಿ?” ಎಂದು ಕಂಪ್ಯೂಟರ್ ಕೇಳಿತು. ಕಣ್ಣು ಹೋದಮೇಲೆ ಉಳಿ ಮುಟ್ಟದೆ ಕುಳಿತಿದ್ದ ಬಡಗಿ, ಸೊಸೆ ತಾನೇ ಬರೆದು ಬ್ರೌಸರಿನಲ್ಲಿ ಹಾಕಿದ್ದ ಈ ಕಥೆಯಾಟವನ್ನು ಅವಳ ಮಾತು ಮೀರಲಾರದೆ ಆಡುತ್ತಿದ್ದ. ಅವನು ಹೇಳಿದ್ದನ್ನು ಅವಳು ಟೈಪ್ ಮಾಡುತ್ತಿದ್ದಳು.

ಊರ ಬಾಗಿಲುಗಳನ್ನೆಲ್ಲ ಸರಿಮಾಡಿದವನ ಕೆಲಸದ ಕೋಣೆಯ ಬಾಗಿಲು ಮಾತ್ರ ಜೋತುಬಿದ್ದೇ ಇತ್ತು; ಎತ್ತಿ ತಳ್ಳಿದರಷ್ಟೇ ತೆರೆಯುತ್ತಿತ್ತು. ಆ ಅಭ್ಯಾಸದಲ್ಲೇ, “ಎತ್ತಿ ತಳ್ಳು ಅಂತ ಬರಿಯಮ್ಮ. ನಿನ್ನ ಯಂತ್ರಕ್ಕೆ ಅದೆಲ್ಲಿ ತಿಳಿಯುತ್ತೆ!” ಎಂದು ನಕ್ಕ.

“ಬಾಗಿಲು ತೆರೆಯಿತು. ಎಡಗಡೆ ಗೋಡೆಯಲ್ಲಿ ಉಳಿಗಳಿವೆ, ಸಣ್ಣದರಿಂದ ದೊಡ್ಡದಕ್ಕೆ,” ಎಂದಿತು ಕಂಪ್ಯೂಟರ್.

ಬಡಗಿಯ ಎಡಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಮೂರನೆಯ ಉಳಿಯ ಹಿಡಿಯನ್ನು ಹುಡುಕಿತು. “ನನ್ನ ಕೋಣೇಲಿ ಎಲ್ಲಾ ಇದ್ದಲ್ಲೇ ಇದೆಯೇನಮ್ಮ?”

“ಒಂದನ್ನೂ ಅಲುಗಿಸಿಲ್ಲ ಮಾವ.”

“ನಿನ್ನ ಹೊಟ್ಟೆ ತಣ್ಣಗಿರಲಿ,” ಎಂದವನೇ ಎದ್ದ. “ಕೈ ಹಿಡೀಬೇಡ. ಬಾಗಿಲು ನಾನೇ ಎತ್ತಿ ತಳ್ತೀನಿ.”