ಪೂರ್ತಿ ಮಾತಿನ ಪ್ರಮಾಣ

ದೂರು ಕೊಟ್ಟವರು ಯಾರೆಂದು ತಿಳಿಯುವ ತನಕ ಬಾಯಿಗೆ ತುತ್ತಿಡುವುದಿಲ್ಲ ಎಂದು ಧಣಿ ಧರ್ಮಪಾಲ ಹೇಳಿದಾಗ, ಘಣಸೋಲಿಯ ಆ ಅಡುಗೆಮನೆಯಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಇಡ್ಲಿಯ ಹಬೆ ಮಾತ್ರ ಮೇಲೇಳುತ್ತಿತ್ತು.

ಬೆಳಿಗ್ಗೆ ಕಾರ್ಖಾನೆ ಇಲಾಖೆಯ ಅಧಿಕಾರಿಯೊಬ್ಬರು ಬಂದು ಹೋಗಿದ್ದರು. ಗಟ್ಟಿಗಿತ್ತಿ ಹೆಂಗಸು. ಬಾಯ್ಲರಿಗೆ ಒಂದು ಸುತ್ತು ಬಂದರು, ಏನೋ ಬರೆದುಕೊಂಡರು. ಯಾರು ದೂರು ಕೊಟ್ಟದ್ದು ಎಂದು ಧರ್ಮಪಾಲ ನಗುನಗುತ್ತಲೇ ಕೇಳಿದ. ಕೊಟ್ಟ ಚಹಾ ಮುಟ್ಟದೆ ಅವರು ಹಿಂದಿಯಲ್ಲಿ ಹೇಳಿದ್ದು ಇಷ್ಟೇ: ಯಾರೆಂದು ಹೇಳುವ ಹಾಗಿಲ್ಲ, ದೂರು ಬಂದಿದೆಯೋ ಇಲ್ಲವೋ, ಅದನ್ನೂ ಹೇಳುವ ಹಾಗಿಲ್ಲ, ಕಾನೂನು.

ಧರ್ಮಪಾಲನಿಗೆ ಅಷ್ಟು ಸಾಕಾಯಿತು. ದೂರೇ ಇಲ್ಲದಿದ್ದರೆ ಇಲ್ಲವೆನ್ನಲು ಏನು ಕಷ್ಟ?

ಕಳೆದ ವರ್ಷ ಇದೇ ಜಾಗದಲ್ಲಿ ಹಳೆಯ ಬಾಯ್ಲರ್ ಸಿಡಿದು, ಅದನ್ನು ನೋಡಿಕೊಳ್ಳುತ್ತಿದ್ದ ಯೋಗೀಶ್ ಸತ್ತಿದ್ದ. ಅದರ ಸೇಫ್ಟಿ ವಾಲ್ವ್ ಸೋರುತ್ತಿತ್ತು. ರಿಪೇರಿಗೆಂದು ನಿಲ್ಲಿಸಿದರೆ ಕಂಪನಿಗಳಿಗೆ ಕಳಿಸುವ ನಾಷ್ಟಾ ತಪ್ಪುತ್ತದೆಂದು ಧರ್ಮಪಾಲ ಅದು ತೆರೆಯದಂತೆ ತಂತಿ ಬಿಗಿಸಿದ್ದ. ಪೊಲೀಸರಿಗೆ ಹೇಳಿದ್ದು ಬೇರೆ: ಯೋಗೀಶ್ ನಿದ್ದೆಗಣ್ಣಿನಲ್ಲಿದ್ದ, ಒತ್ತಡ ನೋಡಲಿಲ್ಲ. ಒಡೆದ ಬಾಯ್ಲರ್ ಭಿವಂಡಿಯ ಗುಜರಿಗೆ ಹೋಯಿತು. ಕಂಡವರು ಬಾಯಿ ಹೊಲಿದುಕೊಂಡರು. ಈಗ ಯಾರೋ ಹೊಲಿಗೆ ಬಿಚ್ಚಿದ್ದಾರೆ. ತಂತಿಯ ಮಾತು ಹೊರಬಿದ್ದರೆ ಅಡುಗೆಮನೆಗೆ ಬೀಗ, ತನಗೆ ಜೈಲು.

ಯಾರೆಂದು ಊಹಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಿಮಲಾ. ಯೋಗೀಶನ ಹೆಂಡತಿ.

ಗಂಡ ಸತ್ತ ಮೇಲೆ ಅವಳನ್ನು ಚಟ್ನಿಯ ಕೆಲಸಕ್ಕೆ ಹಚ್ಚಿ, ಇರಲು ಠಾಕುರ್ಲಿಯಲ್ಲಿ ಖೋಲಿ ಕೊಟ್ಟವನು ಧರ್ಮಪಾಲನೇ. ಧಣಿಗಳಿಂದ ಎರಡು ಹೊತ್ತು ಉಣ್ಣುತ್ತಿದ್ದೇನೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ನನ್ನ ಗಂಡನಿಂದ ನಿಮಗೆ ಇಷ್ಟು ನಷ್ಟವಾಯಿತಲ್ಲ ಎಂದು ಒಮ್ಮೆ ಕಾಲು ಹಿಡಿದು ಅತ್ತೂ ಇದ್ದಳು. ಈಗ ಅದನ್ನು ನೆನೆದಾಗ ಅವನ ಮೈಯೆಲ್ಲ ಉರಿಯಿತು. ಎಷ್ಟು ನಯ, ಎಂಥ ನಾಟಕ.

ವಕೀಲ ಜಯಂತ್ ಫೋನಿನಲ್ಲಿ ಎಚ್ಚರಿಸಿದ. ದೂರು ಕೊಟ್ಟವರನ್ನು ಕೆಲಸದಿಂದ ತೆಗೆದರೆ ಅದೇ ಇನ್ನೊಂದು ಕೇಸಾಗುತ್ತದೆ ಎಂದ. “ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಸಾರ್ ಹೆಗಲು ಮುಟ್ಟಿ ನೋಡ್ಕೋತೀರ? ಸುಮ್ನಿರಿ.”

ಸುಮ್ಮನಿರುವುದು ಧರ್ಮಪಾಲನ ಜಾಯಮಾನವಲ್ಲ. “ಅವಳನ್ನು ನಿಮ್ಮ ಕಾನೂನು ಕಾಯ್ಲಿ ಮಾರಾಯ್ರೆ. ನಮ್ಮ ದೈವದಿಂದ ಕಾಯುವವರು ಯಾರು ನೋಡುವ,” ಎಂದು ಫೋನಿಟ್ಟ.

ಹಿಟ್ಟಿನ ಡ್ರಮ್ಮುಗಳ ಪಕ್ಕದ ಗೂಡಿನಲ್ಲಿ ಊರಿನ ದೈವದ ಮಣೆಯಿತ್ತು. ದೀಪ ಹಚ್ಚಿಸಿದ. ಎಲ್ಲರೂ ತೆಂಗಿನಕಾಯಿ ಮುಟ್ಟಿ ಪ್ರಮಾಣ ಮಾಡಬೇಕು. ಮುಖ್ಯ ಅಡುಗೆಯವನಾದ ಶೈಲೇಶ್ ಹತ್ತಿರ ಬಂದು, ದೂರು ಕೊಟ್ಟಿಲ್ಲ ಎಂದಷ್ಟೇ ಹೇಳಿಸಿದರೆ ಸಾಲದೇ ಎಂದು ಪಿಸುಗುಟ್ಟಿದ.

“ದೈವದ ಎದುರು ಅರ್ಧ ಮಾತು ನಡೆಯುವುದಿಲ್ಲ ಶೈಲೇಶ. ಎಂತ ಸಂಗತಿ ಅಂತ ಪೂರ್ತಿ ಆಡ್ಬೇಕು. ಇಲ್ಲದಿದ್ರೆ ಕಳ್ಳಿ ಸಂದಿಯಲ್ಲಿ ನುಸುಳಿಕೊಂಡು ಹೋಗ್ತಾಳೆ.”

ಅದು ಅವರ ಊರ ಕಡೆಯ ಕ್ರಮವೇ. ಬಿಡಿಸಿ ಹೇಳದ ಪ್ರಮಾಣ ಪ್ರಮಾಣವಲ್ಲ. ಅದಲ್ಲದೆ, ಆ ಮಾತು ಬಿದ್ದಾಗ ವಿಮಲಾಳ ಮುಖ ಹೇಗಾಗುತ್ತದೆಂದು ಕಣ್ಣಾರೆ ನೋಡುವ ಆಸೆಯೂ ಅವನಿಗಿತ್ತು.

ಪ್ರಮಾಣದ ಮಾತನ್ನು ಅವನೇ ಹೇಳಿಕೊಟ್ಟ: ಯೋಗೀಶ ಸತ್ತ ಬಾಯ್ಲರಿನ ವಾಲ್ವಿಗೆ ಧಣಿಗಳು ತಂತಿ ಕಟ್ಟಿಸಿದ ಸಂಗತಿಯನ್ನು ನಾನು ಹೊರಗೆ ಯಾರಿಗೂ ಹೇಳಿಲ್ಲ. ಶೈಲೇಶ್ ಕಾಯಿ ಮುಟ್ಟಿ ಹೇಳಿದ. ಪಾತ್ರೆ ತೊಳೆಯುವ ಚಂದವ್ವ ಬಿಜಾಪುರದ ಕಡೆಯವಳು, ತನ್ನದಲ್ಲದ ದೈವಕ್ಕೂ ಸೆರಗೊಡ್ಡಿ ಹೇಳಿದಳು. ಉಳಿದವರೂ ಹೇಳಿದರು.

ವಿಮಲಾಳ ಸರದಿ ಬಂತು. ಅವಳು ಕಾಯಿಯ ಮೇಲೆ ಕೈಯಿಡಲಿಲ್ಲ. ಮುಖದಲ್ಲಿ ರಕ್ತವಿರಲಿಲ್ಲ. ಧರ್ಮಪಾಲ ಕಾದಿದ್ದದ್ದೂ ಅದಕ್ಕೇ.

“ಇನ್ನೊಮ್ಮೆ ಹೇಳಿ ಧಣಿಗಳೇ,” ಎಂದಳು.

ಅವನು ದನಿಯೆತ್ತಿ, ಒಂದೊಂದೇ ಮಾತು ಬಿಡಿಸಿ, ಇನ್ನೊಮ್ಮೆ ಹೇಳಿದ.

“ಈ ಪ್ರಮಾಣ ನನ್ನಿಂದಾಗುವುದಿಲ್ಲ.”

“ಹೇಗಾಗ್ತದೆ? ಉಂಡ ಮನೆಗೆ ಕೊಳ್ಳಿ ಇಟ್ಟಾಯ್ತಲ್ಲ. ದೂರು ಕೊಟ್ಟವಳಿಗೆ ಇಲ್ಲಿ ಅನ್ನ ಇಲ್ಲ, ಹೋಗು.”

ಸಂಜೆಯೊಳಗೆ ಠಾಕುರ್ಲಿಯ ಖೋಲಿಗೆ ಹೊಸ ಬೀಗ ಬಿತ್ತು. ಅವಳ ಚಾಪೆ, ಪಾತ್ರೆ ಎಲ್ಲ ಚಾಳಿನ ಮೆಟ್ಟಿಲಿಗೆ ಬಂದವು. ಠಾಣೆ ಶಹರದಿಂದ ಕಲ್ಯಾಣದವರೆಗೆ ಗುರುತಿನ ಹೋಟೆಲಿನವರಿಗೆಲ್ಲ ಧರ್ಮಪಾಲ ತಾನೇ ಫೋನು ಮಾಡಿ, ಈ ಹೆಂಗಸನ್ನು ಹೊಸಿಲು ದಾಟಿಸಬೇಡಿ ಎಂದ. ಆಮೇಲೆ ಕೈತೊಳೆದು ಬಂದು, ಹೊಟ್ಟೆ ಬಿರಿಯುವಂತೆ ಉಂಡ.

ಅದೇ ವಾರ ಅಧಿಕಾರಿ ಮತ್ತೆ ಬಂದರು. ಈ ಸಲ ಬಾಯ್ಲರ್ ನೋಡಲಿಲ್ಲ. ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಬೇರೆ ಕೂರಿಸಿ ಕೇಳಿದರು. ತಂತಿ ಕಟ್ಟಿದ್ದನ್ನು ದೈವದೆದುರು ಬಾಯಿಬಿಟ್ಟು ಆಡಿದ ಮೇಲೆ ಇಲ್ಲವೆನ್ನಲು ಯಾರಿಗೂ ನಾಲಿಗೆ ಹೊರಳಲಿಲ್ಲ. ತಂತಿ ಕಟ್ಟಿದ ಕೈ ತನ್ನದೇ, ಕಟ್ಟಿಸಿದ್ದು ಧಣಿಗಳು ಎಂದು ಶೈಲೇಶ್ ಹೇಳಿಬಿಟ್ಟ. ಆಮೇಲೆ ಧರ್ಮಪಾಲ ಗದರಿದಾಗ ಚಂದವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಕಾಯಿ ಮುಟ್ಟಿ ಹೇಳಿಸಿದವರು ನೀವ ಅಲ್ರೀ ಮಾಲಕರ. ಈಗ ಹೆಂಗ ಸುಳ್ಳಾಡ್ಲಿ?” ಎಂದಳು.

ಅಡುಗೆಮನೆಗೆ ಸೀಲು ಬಿತ್ತು. ಯೋಗೀಶನ ಸಾವಿನ ಕೇಸು ಹೊಸದಾಗಿ ತೆರೆಯಿತು. ವಿಮಲಾಳನ್ನು ಹೊರಹಾಕಿದ್ದಕ್ಕೆ, ಜಯಂತ್ ಹೇಳಿದಂತೆಯೇ, ಇನ್ನೊಂದು.

ಜಾಮೀನಿನ ಮೇಲೆ ಹೊರಗಿದ್ದ ಧರ್ಮಪಾಲ ಠಾಣೆ ಶಹರದ ಕೋರ್ಟಿನ ಪಡಸಾಲೆಯಲ್ಲಿ ಅವಳನ್ನು ಕಂಡ. ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ವಕೀಲ ತೋಳು ಹಿಡಿದೆಳೆದರೂ ಅವನು ನಿಂತ. ಸೋತರೂ ಸೇಡು ಸೋತಿರಲಿಲ್ಲ. ಅವನಿಗೆ ಇನ್ನೂ ಒಂದು ಹೆಸರು ಬೇಕಿತ್ತು.

“ಆ ಅಧಿಕಾರಿ ಹೆಂಗಸನ್ನು ಮೊದಲ ದಿನ ನನ್ನ ಬಾಗಿಲಿಗೆ ಕಳಿಸಿದ್ದು ನೀನು, ಗೊತ್ತುಂಟು. ತಂತಿಯ ವಿಷಯ ನಿನ್ನ ಕಿವಿಗೆ ಹಾಕಿದವರು ಯಾರು, ಅದೊಂದು ಹೇಳು.”

ವಿಮಲಾ ಎದ್ದು ನಿಂತಳು. ಅವನ ಮುಖವನ್ನೇ ನೋಡಿದಳು.

“ಮೊದಲ ದಿನ ಅವರನ್ನು ನಾನು ಕಳಿಸಲಿಲ್ಲ. ನಾನು ಅವರ ಹತ್ತಿರ ಹೋದದ್ದು ನೀವು ಬೀಗ ಹಾಕಿದ ಮರುದಿನ,” ಎಂದಳು. “ಅಷ್ಟರವರೆಗೆ ತಪ್ಪು ನನ್ನ ಗಂಡನದೇ ಅಂತ ನಂಬಿದ್ದೆ ಧಣಿಗಳೇ. ತಂತಿಯ ವಿಷಯ ನನಗೆ ಹೇಳಿದವರು ನೀವೇ.”